ಬೇಡ ಎನ್ನುವವಳ ಎಲೆ

“ಅಯ್ಯನವರೇ, ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರನ್ನು ಪ್ರೀತಿಭೋಜನದ ಪಂಕ್ತಿಯಲ್ಲಿ ಕೂರಿಸಬಹುದೇ?”

ಕೇಳಿದವನು ಸುಕುಮಾರ. ಉಪದೇಶಿಯಾಗಿ ಒಂದು ಹಳ್ಳಿಯ ಕ್ರೈಸ್ತ ಸಭೆಗೆ ಹೋಗಿ ಅವನಿಗೆ ಇನ್ನೂ ಆರು ತಿಂಗಳು. ಕೇಳಿಸಿಕೊಂಡವರು ತಿಮೊಥಿ ಅಯ್ಯನವರು. ನಲವತ್ತು ವರ್ಷ ಊರೂರಿನ ಸಭೆಗಳನ್ನು ನೋಡಿಕೊಂಡು, ಈಗ ವಯಸ್ಸಾಗಿ, ದೇವಾಲಯದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇದ್ದರು. ಅವರ ಬಳಿ ಕಲಿತು ಹೋದವರು ಏನಾದರೂ ತೊಡಕು ಬಂದರೆ ಇಂದಿಗೂ ಬಸ್ಸು ಹತ್ತಿ ಅವರಲ್ಲಿಗೇ ಬರುತ್ತಿದ್ದರು.

“ಮೊದಲು ಕೂತುಕೋ” ಎಂದರು ಅಯ್ಯನವರು. “ನಿಂತುಕೊಂಡು ಕೇಳಿದರೆ ತೀರ್ಪು ಬರೆದುಕೊಂಡೇ ಬಂದವನ ಹಾಗೆ ಕಾಣುತ್ತೀ.”

ಸುಕುಮಾರ ಬರೆದುಕೊಂಡೇ ಬಂದಿದ್ದ. ಚೀಟಿ ಅವನ ಅಂಗಿಯ ಜೇಬಿನಲ್ಲಿತ್ತು. ಮರುದಿನ ರವಿವಾರ, ಆರಾಧನೆ ಮುಗಿದ ಮೇಲೆ ಅವನ ಸಭೆಯಲ್ಲಿ ಪ್ರೀತಿಭೋಜನ. ಸಭೆಯ ಇಬ್ಬರು ಹಿರಿಯರು, ಬೆಂಜಮಿನ್ ಮಾಸ್ತರರು ಮತ್ತು ದಾವೀದಪ್ಪ, ಹಾಡಿನ ಮೇಳವನ್ನು ಯಾರು ನಡೆಸಬೇಕು ಎಂಬ ಮಾತಿಗೆ ಕಾಲು ಕೆರೆದು ಜಗಳ ಮಾಡಿಕೊಂಡು ಮಾತು ಬಿಟ್ಟಿದ್ದರು. ಊಟಕ್ಕೆ ಮಾತ್ರ ಇಬ್ಬರೂ ತಪ್ಪದೆ ಬರುತ್ತಿದ್ದರು. ಬಂದು, ಒಂದೇ ಪಂಕ್ತಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂರುತ್ತಿದ್ದರು.

“ಇದಕ್ಕೆ ಪ್ರೀತಿಭೋಜನ ಎಂದು ಯಾವ ಬಾಯಲ್ಲಿ ಹೇಳಲಿ?” ಎಂದ ಸುಕುಮಾರ. “ನಾಳೆ ಎಲ್ಲರ ಮುಂದೆ ಓದಿಬಿಡುತ್ತೇನೆ. ರಾಜಿಯಾಗುವ ತನಕ ಅವರಿಬ್ಬರಿಗೂ ಎಲೆ ಹಾಕುವುದಿಲ್ಲ. ನೀವು ಹೂಂ ಅಂದರೆ ಸಾಕು.”

ಅಯ್ಯನವರು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. “ಚೀಟಿ ಜೇಬಿನಲ್ಲೇ ಇರಲಿ. ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ಓದುವುದೋ ಬಿಡುವುದೋ ನಿನಗೆ ಬಿಟ್ಟದ್ದು” ಎಂದು ಗೋಡೆಗೆ ಒರಗಿ ಹೇಳತೊಡಗಿದರು.

ಒಂದು ಮಗ್ಗದ ಊರು. ಊರಿನ ತುದಿಗೆ ಸಣ್ಣದೊಂದು ದೇವಾಲಯ, ಅದರ ಸುತ್ತ ಸಭೆಯ ಇಪ್ಪತ್ತೆರಡು ಮನೆ. ಎಲ್ಲರೂ ನೇಕಾರರು. ವಾರದ ಆರು ದಿನ ಓಣಿಯ ಈ ತುದಿಯಿಂದ ಆ ತುದಿಯ ತನಕ ಲಾಳಿಯ ಸದ್ದು. ರವಿವಾರ ಓಣಿ ತಣ್ಣಗಿರುತ್ತಿತ್ತು.

ಆ ಸಭೆಗೆ ಒಂದು ಪದ್ಧತಿ ಇತ್ತು. ರವಿವಾರ ಆರಾಧನೆಗೆ ಬರುವಾಗ ಪ್ರತಿ ಮನೆಯವರೂ ಒಂದು ಗಂಟು ರೊಟ್ಟಿ, ಒಂದು ಬೋಗುಣಿ ಸಾರು ತರಬೇಕು. ದೇವಾಲಯದ ಬಾಗಿಲ ಬಳಿ ತಾಮ್ರದ ದೊಡ್ಡ ಕೊಪ್ಪರಿಗೆ ಇಟ್ಟಿರುತ್ತಿತ್ತು. ತಂದ ಸಾರನ್ನು ಅದಕ್ಕೆ ಸುರಿದು ಒಳಗೆ ಹೋಗಬೇಕು. ಒಬ್ಬರದು ತೊಗರಿಬೇಳೆ, ಇನ್ನೊಬ್ಬರದು ಹುರುಳಿಕಟ್ಟು, ಮತ್ತೊಬ್ಬರದು ಪುಂಡಿಸೊಪ್ಪಿನ ಹುಳಿ. ಏನೂ ಇಲ್ಲದವರು ಹುಣಸೆನೀರಿಗೆ ಖಾರ ಉಪ್ಪು ಹಾಕಿ ತಂದರೂ ಆಯಿತು. ಆರಾಧನೆ ಮುಗಿದ ಮೇಲೆ ಕೊಪ್ಪರಿಗೆಯ ಕೆಳಗೆ ನಾಲ್ಕು ಕಟ್ಟಿಗೆ ಇಟ್ಟು ಒಂದು ಕುದಿ ಬರಿಸುತ್ತಿದ್ದರು. ಅದಕ್ಕೆ ಕೂಡುಸಾರು ಎಂದು ಹೆಸರು.

ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಮೊಟ್ಟಮೊದಲು ಸಭೆ ಸೇರಿದ್ದು ಐದು ಮನೆಯವರು. ಮನೆ ಐದು, ಜಾತಿ ನಾಲ್ಕು. ದೀಕ್ಷಾಸ್ನಾನವಾಗಿ ಒಂದೇ ದೇವರ ಮಕ್ಕಳಾದರೂ ಊಟಕ್ಕೆ ಕೂತರೆ ಎಲ್ಲರ ಕಣ್ಣು ಪಾತ್ರೆಗಳ ಮೇಲೆ. ಇದು ಯಾರ ಮನೆಯದು, ಅದು ಯಾರ ಮನೆಯದು ಎಂದು ಒಳಗೊಳಗೇ ಲೆಕ್ಕ. ಒಬ್ಬ ಹೊಟ್ಟೆ ತುಂಬಿದೆ ಅನ್ನುವನು, ಇನ್ನೊಬ್ಬ ಹೊಟ್ಟೆ ಸರಿಯಿಲ್ಲ ಅನ್ನುವನು. ಆಗಿದ್ದ ಹಳೆಯ ಅಯ್ಯನವರು ಉಪದೇಶ ಮಾಡುವ ಗೋಜಿಗೆ ಹೋಗಲಿಲ್ಲ. ಸಂತೆಯಿಂದ ಒಂದು ಕೊಪ್ಪರಿಗೆ ತರಿಸಿ ಬಾಗಿಲಲ್ಲಿಟ್ಟು, ಸುರಿಯಿರಿ ಎಂದರು. ಸುರಿದಾದ ಮೇಲೆ ಯಾರದು ಯಾವುದೆಂದು ಹೇಳುವವರು ಯಾರು? ಉಂಡರೆ ಎಲ್ಲರದನ್ನೂ ಉಣ್ಣಬೇಕು, ಬಿಟ್ಟರೆ ಎಲ್ಲರದನ್ನೂ ಬಿಡಬೇಕು. ಬಡಿಸುವುದಕ್ಕೂ ಅವರು ಒಂದು ಕಟ್ಟಳೆ ಮಾಡಿದರು. ಬಡಿಸುವ ಸರದಿ ಮನೆಯಿಂದ ಮನೆಗೆ ಹೋಗಬೇಕು. ಸೌಟು ಹಿಡಿದವರು ಯಾರ ಮುಂದೆಯೂ ನಿಲ್ಲದೆ ದಾಟಿ ಹೋಗಕೂಡದು.

ಇಷ್ಟು ಹೇಳುವಷ್ಟರಲ್ಲಿ ಅಯ್ಯನವರಿಗೆ ಆ ಸಾರೇ ನೆನಪಾಯಿತು. ಬಾಯಲ್ಲಿ ನೀರೂರಿತೋ ಏನೋ, ಒಮ್ಮೆ ನುಂಗಿಕೊಂಡರು.

“ಆ ಸಾರಿನ ರುಚಿ ಹೇಳಲು ಬರುವುದಿಲ್ಲ ತಮ್ಮಾ. ಒಂದು ವಾರದ್ದು ಇನ್ನೊಂದು ವಾರ ಇಲ್ಲ. ಹುಳಿ ಮುಂದಾದ ವಾರವುಂಟು, ಖಾರಕ್ಕೆ ಮೂಗಿನಲ್ಲಿ ನೀರು ಸುರಿದ ವಾರವುಂಟು. ಬೇವಿನ ಮರದ ಕೆಳಗೆ ಸಾಲಾಗಿ ಮುತ್ತುಗದ ಎಲೆ. ಪಕ್ಕದಲ್ಲಿ ಕೂತವರ ಬಟ್ಟೆಯಿಂದ ಮಗ್ಗದ ಗಂಜಿಯ ವಾಸನೆ, ಮುಂದೆ ಬಿಸಿ ಸಾರಿನ ವಾಸನೆ. ಉಂಡ ಮೇಲೂ ಏಳುವ ಮನಸ್ಸು ಯಾರಿಗೂ ಇಲ್ಲ. ಗಂಡಸರು ಅಲ್ಲೇ ಅಡ್ಡಾಗುತ್ತಿದ್ದರು, ಹೆಂಗಸರು ಒಬ್ಬರ ತಲೆ ಒಬ್ಬರು ಬಾಚುತ್ತ ಹಾಡು ಹೇಳುತ್ತಿದ್ದರು. ಇಳಿಹೊತ್ತಿನ ತನಕ ಅದೇ. ಈಗ ನೀವು ಕ್ರಿಸ್ಮಸ್ಸಿಗೆ ಗುತ್ತಿಗೆ ಕೊಟ್ಟು ಬಿರಿಯಾನಿ ಮಾಡಿಸುತ್ತೀರಿ. ಚೆನ್ನಾಗಿಯೇ ಇರುತ್ತದೆ, ಇಲ್ಲವೆನ್ನಲಾರೆ. ಉಂಡು, ಕೈ ತೊಳೆದು, ಗಾಡಿ ಹತ್ತಿ ಹೋಗುತ್ತೀರಿ. ನನಗೆ ಮಾತ್ರ ಆ ಬೇವಿನ ನೆರಳೇ ನೆನಪಾಗುತ್ತದೆ.”

ಆಮೇಲೆ ಕತೆ ಮುಂದುವರಿಸಿದರು.

ಆ ಸಭೆಯಲ್ಲಿ ಇಬ್ಬರು ನೆಗೆಣ್ಣಿಯರಿದ್ದರು. ಅಣ್ಣನ ಹೆಂಡತಿ ರೆಬೆಕ್ಕವ್ವ, ತಮ್ಮನ ಹೆಂಡತಿ ನೀಲವ್ವ. ರೆಬೆಕ್ಕವ್ವ ಮೊದಲ ಐದು ಮನೆಗಳಲ್ಲಿ ಒಂದರ ಮೊಮ್ಮಗಳು. ದೇವಾಲಯ ಅಂದರೆ ಅವಳಿಗೆ ತವರು ಇದ್ದ ಹಾಗೆ. ನೀಲವ್ವ ಹೊರಗಿನಿಂದ ಬಂದವಳು, ಮದುವೆಗೆ ಮುಂಚೆಯಷ್ಟೇ ದೀಕ್ಷಾಸ್ನಾನ ತೆಗೆದುಕೊಂಡವಳು. ಯಾವಾಗ ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು, ಯಾವ ಹಾಡಿಗೆ ಯಾವ ಧಾಟಿ ಎಂದು ಅವಳಿಗೆ ಕಲಿಸಿದವಳು ರೆಬೆಕ್ಕವ್ವನೇ. ಇಬ್ಬರಿಗೂ ಒಂದೇ ಒಲೆ, ಒಂದೇ ಒರಳು. ರೊಟ್ಟಿ ಬಡಿಯುತ್ತ ಒಬ್ಬಳು ತನ್ನ ಹೊಟ್ಟೆಯೊಳಗಿನದನ್ನೆಲ್ಲ ಹೇಳುವಳು, ಬೇಯಿಸುತ್ತ ಇನ್ನೊಬ್ಬಳು ಕೇಳುವಳು. ಒಡಹುಟ್ಟಿದವರೂ ಅಷ್ಟು ಹೊಂದಿಕೊಂಡು ಇರುವುದಿಲ್ಲ ಎಂದು ಓಣಿಯವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ರೆಬೆಕ್ಕವ್ವನ ಮಗಳು ಎಸ್ತೇರಳಿಗೆ ಗಂಡು ಗೊತ್ತಾಯಿತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ನಿನಗೆ ಗೊತ್ತಿದೆಯಲ್ಲ, ಮದುವೆಗೆ ಮುಂಚೆ ಮೂರು ರವಿವಾರ ದೇವಾಲಯದಲ್ಲಿ ಪ್ರಕಟಣೆ ಓದುತ್ತಾರೆ. ಇಂಥವನಿಗೂ ಇಂಥವಳಿಗೂ ಮದುವೆ, ಇದಕ್ಕೆ ಅಡ್ಡಿಯೇನಾದರೂ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಬೇಕು ಎನ್ನುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಹೇಳಲಿ ಎಂದು ಯಾರೂ ಕಾಯುವುದೂ ಇಲ್ಲ. ಸಭೆಯಲ್ಲೇ ಹುಟ್ಟಿ ಬೆಳೆದವರಿಗೆ ಇದು ತಾನಾಗಿ ತಿಳಿದಿರುತ್ತದೆ. ನೀಲವ್ವನಿಗೆ ಎಲ್ಲವನ್ನೂ ಕಲಿಸಿದ ರೆಬೆಕ್ಕವ್ವ ಇದೊಂದನ್ನು ಕಲಿಸುವುದು ಮರೆತಿದ್ದಳು.

ಮೊದಲ ರವಿವಾರ ಆ ಮಾತು ಕಿವಿಗೆ ಬಿದ್ದಾಗ ನೀಲವ್ವ ಅದು ತನ್ನನ್ನೇ ಕೇಳಿದ್ದು ಎಂದುಕೊಂಡಳು. ಎಸ್ತೇರಳಿಗೆ ಚಿಕ್ಕವಳಿದ್ದಾಗ ಮೂರ್ಛೆ ಬರುತ್ತಿತ್ತು, ಏಳೆಂಟು ವರ್ಷವಾದ ಮೇಲೆ ನಿಂತುಹೋಗಿತ್ತು. ಒಲೆಯ ಮುಂದೆ ಕೂತು ರೆಬೆಕ್ಕವ್ವನೇ ಅದನ್ನು ಹೇಳಿ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದಿದ್ದಳು. ಎರಡನೆಯ ರವಿವಾರವೂ ಆಗಿನ ಅಯ್ಯನವರು ಕೇಳಿದರು. ನೀಲವ್ವ ತುಟಿ ಕಚ್ಚಿ ಕೂತಳು. ಮೂರನೆಯ ರವಿವಾರ ಎದ್ದು ನಿಂತಳು.

“ಹುಡುಗಿಗೆ ಸಣ್ಣಾಕಿ ಇದ್ದಾಗ ಮೂರ್ಛಿ ಬರ್ತಿತ್ತ್ರೀ. ಈಗ ಬರಂಗಿಲ್ಲ. ಆದ್ರ ದೇವರ ಮನ್ಯಾಗ ಮೂರು ಸಲ ಕೇಳೀರಿ. ಗೊತ್ತಿದ್ದೂ ಸುಮ್ಮನಿದ್ರ ನನಗ ಪಾಪ ಹತ್ತತೈತಿ.”

ಗಂಡಿನ ಸೋದರಮಾವ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಟೋಪಿ ತೆಗೆದುಕೊಂಡು ಎದ್ದು ಹೋದ. ಸಂಬಂಧ ಅಲ್ಲಿಗೆ ಮುರಿಯಿತು.

ರೆಬೆಕ್ಕವ್ವ ಬಾಯಿ ಮಾಡಲಿಲ್ಲ, ಎದೆ ಬಡಿದುಕೊಳ್ಳಲೂ ಇಲ್ಲ. ಮನೆಗೆ ಬಂದವಳೇ ತನ್ನ ಪಾತ್ರೆಗಳನ್ನು ಬೇರೆ ಎತ್ತಿಟ್ಟುಕೊಂಡು, ಮುಂದಿನ ಜಗಲಿಯಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ನೀಲವ್ವ ಹೋಗಿ ಕಾಲು ಹಿಡಿದಳು. ರೆಬೆಕ್ಕವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. “ನಿನ್ನ ಕೈಲೆ ಆದದ್ದು ಇನ್ನ ನನ್ನ ಗಂಟಲಾಗ ಇಳ್ಯಂಗಿಲ್ಲ” ಎಂದಳು. ಅಲ್ಲಿಗೆ ಒಂದು ಮನೆ ಎರಡಾಯಿತು, ಮನೆಯಲ್ಲಿ ಅವರಿಬ್ಬರ ನಡುವೆ ಆಡಿದ ಕೊನೆಯ ಮಾತು ಅದೇ.

ಎಸ್ತೇರಳ ಗತಿ ಏನಾಯಿತು ಎಂದು ಕೇಳುತ್ತೀಯೇನೋ. ನಾಲ್ಕು ವರ್ಷದ ಮೇಲೆ ಒಂದು ಆಸ್ಪತ್ರೆಯ ಕಾಂಪೌಂಡರನ ಕೈ ಹಿಡಿದಳು. ಎರಡು ಮಕ್ಕಳಾದವು, ಸುಖವಾಗಿದ್ದಳು. ತವರಿಗೆ ಬಂದರೆ ಚಿಕ್ಕವ್ವನ ಮನೆಗೂ ಹೋಗಿ ಕೂತು ಬರುತ್ತಿದ್ದಳು. ಮಗಳು ಯಾವತ್ತೋ ಮರೆತುಬಿಟ್ಟಳು, ತಾಯಿಗೆ ಮರೆಯಲು ಆಗಲಿಲ್ಲ.

ಈಗ ಕೂಡುಸಾರಿನ ಮಾತಿಗೆ ಬಾ. ರೆಬೆಕ್ಕವ್ವ ಒಂದು ರವಿವಾರವೂ ತಪ್ಪಿಸಿದವಳಲ್ಲ. ಬರುವಳು, ತನ್ನ ಬೋಗುಣಿ ಸಾರನ್ನು ಕೊಪ್ಪರಿಗೆಗೆ ಸುರಿಯುವಳು, ಆರಾಧನೆ ಮುಗಿದ ಮೇಲೆ ಪಂಕ್ತಿಯಲ್ಲಿ ತನ್ನ ಜಾಗದಲ್ಲಿ ಕೂರುವಳು. ರೊಟ್ಟಿ ಹಾಕಿಸಿಕೊಳ್ಳುವಳು. ಸಾರಿನ ಸೌಟು ಬಂತೆಂದರೆ ಎಲೆಯ ಮೇಲೆ ಅಂಗೈ ಅಡ್ಡ ಇಟ್ಟು “ಬ್ಯಾಡ” ಎನ್ನುವಳು. ಕೊಪ್ಪರಿಗೆಯಲ್ಲಿ ನೀಲವ್ವ ಸುರಿದದ್ದೂ ಕೂಡಿದೆಯಲ್ಲ, ಅದಕ್ಕೆ. ಒಬ್ಬಳದನ್ನು ಬಿಡಬೇಕಾದರೆ ಇಪ್ಪತ್ತೆರಡು ಮನೆಯದನ್ನೂ ಬಿಡಬೇಕಾಯಿತು. ಸೆರಗಿನ ಗಂಟಿನಿಂದ ಒಂದು ಉಳ್ಳಾಗಡ್ಡಿ ತೆಗೆದು, ಗುದ್ದಿ ಒಡೆದು, ಒಣರೊಟ್ಟಿಯ ಜೊತೆ ಕಡಿದುಕೊಂಡು ಉಣ್ಣುತ್ತಿದ್ದಳು.

ಬಡಿಸುವ ಸರದಿ ನೀಲವ್ವನಿಗೂ ಬರುತ್ತಿತ್ತು. ಅವಳು ಅಕ್ಕನ ಎಲೆಯ ಮುಂದೆ ಬಂದು ಬಗ್ಗಿ, ಸೌಟು ಹಿಡಿದು ನಿಲ್ಲುವಳು. ರೆಬೆಕ್ಕವ್ವ ತಲೆ ಎತ್ತದೆ ಕೈ ಅಡ್ಡ ಇಟ್ಟು ಬ್ಯಾಡ ಎನ್ನುವಳು. ನೀಲವ್ವ ಮುಂದಿನ ಎಲೆಗೆ ಹೋಗುವಳು. ಹೀಗೆ ಎಂಟು ವರ್ಷ ನಡೆಯಿತು.

ಎಂಟನೆಯ ವರ್ಷ ಆ ಸಭೆಗೆ ಒಬ್ಬ ಹೊಸ ಉಪದೇಶಿ ಬಂದ. ಇಪ್ಪತ್ತೈದು ವರ್ಷದ ಪ್ರಾಯ, ಮಹಾ ಬುದ್ಧಿವಂತ. ಅವನಿಗೆ ಗೊತ್ತಿಲ್ಲದ್ದು ಅಂತ ಈ ಭೂಮಿಯ ಮೇಲೆ ಏನೂ ಇರಲಿಲ್ಲ. ಬಂದ ಮೊದಲ ವಾರವೇ ಆ ಅಡ್ಡಗೈ ನೋಡಿದ. ಎರಡನೆಯ ವಾರ ವಿಚಾರಿಸಿದ. ಮೂರನೆಯ ವಾರಕ್ಕೆ ಅವನಿಗೆ ತಡೆಯಲಾಗಲಿಲ್ಲ. ಹಿರಿಯರನ್ನು ಕೂಡಿಸಿ ಹೇಳಿದ. ಈ ಕೊಪ್ಪರಿಗೆ ಇಟ್ಟದ್ದೇ ಒಬ್ಬರದನ್ನು ಇನ್ನೊಬ್ಬರು ಒಲ್ಲೆ ಅನ್ನಬಾರದು ಎಂದು. ಈ ಹೆಂಗಸು ವಾರವಾರವೂ ಎಲ್ಲರ ಕಣ್ಣೆದುರು ಒಲ್ಲೆ ಅನ್ನುತ್ತಾಳೆ. ಹಿಂದೆ ಜಾತಿಯ ಹೆಸರಲ್ಲಿ ಮಾಡುತ್ತಿದ್ದುದನ್ನೇ ಈಗ ಹಗೆಯ ಹೆಸರಲ್ಲಿ ಮಾಡುತ್ತಿದ್ದಾಳೆ. ಒಂದು ಎಲೆ ಹೀಗಿದ್ದರೂ ಪಂಕ್ತಿಯೆಲ್ಲ ಸುಳ್ಳಾಗುತ್ತದೆ ಎಂದ. ಹಿರಿಯರಲ್ಲಿ ಕೆಲವರು ತಲೆದೂಗಿದರು. ಕೆಲವರು ನೆಲ ನೋಡಿದರು.

ಸುಕುಮಾರನಿಗೆ ಸುಮ್ಮನೆ ಕೂರಲು ಆಗಲಿಲ್ಲ. “ಆ ಉಪದೇಶಿ ಹೇಳಿದ್ದರಲ್ಲಿ ತಪ್ಪೇನು, ಅಯ್ಯನವರೇ?”

“ತಪ್ಪು ಎಂದು ನಾನೆಲ್ಲಿ ಅಂದೆ? ನೂರಕ್ಕೆ ನೂರು ಸರಿ. ಸರಿಯಾಗಿರುವುದೇ ಅವನಿಗೊಂದು ರೋಗವಾಗಿತ್ತು. ಮುಂದೆ ಕೇಳು.”

ಶನಿವಾರ ಉಪದೇಶಿ ರೆಬೆಕ್ಕವ್ವನ ಮನೆಗೆ ಹೋದ. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಬಂದವನಿಗೆ ಕೂರಲು ಹೇಳಿದಳು, ಲಾಳಿ ಎಸೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

“ಅವ್ವಾ, ನಾಳೆ ಸಾರು ಹಾಕಿಸ್ಕೋರಿ. ಇಲ್ಲ ಅಂದ್ರ ಪಂಕ್ತಿಗೆ ಬರಬ್ಯಾಡ್ರಿ” ಎಂದ ಉಪದೇಶಿ.

ರೆಬೆಕ್ಕವ್ವ ಇನ್ನೂ ನಾಲ್ಕೈದು ಎಳೆ ನೇಯ್ದಳು. ಆಮೇಲೆ ಹೇಳಿದಳು.

“ಮನ್ಯಾಗ ಕುಂತು ಬ್ಯಾಡ ಅಂದ್ರ ಗ್ವಾಡಿಗೆ ಅಂದಂಗ ಆಕ್ಕತಿ. ಬ್ಯಾಡ ಅನ್ನಾಕಾದ್ರೂ ನನ್ನ ಮುಂದ ಸೌಟು ಬರಬೇಕಲ್ರೀ?”

ಎಂಥ ಸೊಕ್ಕು ಎಂದುಕೊಂಡ ಉಪದೇಶಿ. ಆ ಮಾತಿನಲ್ಲಿ ಅವನಿಗೆ ಬೇರೇನೂ ಕೇಳಿಸಲಿಲ್ಲ. ಮುಖ ಗಂಟಿಕ್ಕಿಕೊಂಡು ಎದ್ದು ಬಂದ.

ಮರುದಿನ ಎಲೆ ಹಾಕುವವರಿಗೆ ಅವನು ಮೊದಲೇ ಹೇಳಿಟ್ಟ. ಆರಾಧನೆ ಮುಗಿದು ಜನ ಬೇವಿನ ಕೆಳಗೆ ಸಾಲಾಗಿ ಕೂತರು. ರೆಬೆಕ್ಕವ್ವನೂ ಬಂದು ತನ್ನ ಜಾಗದಲ್ಲಿ ಕೂತಳು. ಎಲೆ ಹಾಕುತ್ತ ಬಂದವರು ಅವಳ ಎಡಕ್ಕೆ ಒಂದು ಹಾಕಿದರು, ಬಲಕ್ಕೆ ಒಂದು ಹಾಕಿದರು, ಅವಳ ಮುಂದೆ ಹಾಕಲಿಲ್ಲ. ಅವಳು ಏಳಲಿಲ್ಲ. ಮುಂದಿನ ಬರೀ ನೆಲವನ್ನು ನೋಡುತ್ತ ಕೂತಳು.

ಅಂದು ಬಡಿಸುವ ಸರದಿ ನೀಲವ್ವನದು. ರೊಟ್ಟಿ ಹಾಕಿ ಮುಗಿದ ಮೇಲೆ ಅವಳು ಸಾರಿನ ಬಕೀಟು ಹಿಡಿದು ಒಂದೊಂದೇ ಎಲೆಗೆ ಬಡಿಸುತ್ತ ಬಂದಳು. ರೆಬೆಕ್ಕವ್ವನ ಮುಂದೆ ಬಂದು, ಯಾವಾಗಿನ ಹಾಗೆ ಬಗ್ಗಿದಳು. ಎಲೆ ಇಲ್ಲದ್ದು ಆಗ ಕಂಡಿತು. ಸೌಟು ಹಿಡಿದುಕೊಂಡೇ ನಿಂತಳು.

ಎಲ್ಲ ಎಲೆಗೂ ಸಾರು ಬಿದ್ದು ಪ್ರಾರ್ಥನೆ ಆಗುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ನೀಲವ್ವ ನಿಂತಳೆಂದರೆ ಪಂಕ್ತಿಯೇ ನಿಂತಿತು. ಉಪದೇಶಿ ಹತ್ತಿರ ಬಂದು, “ಮುಂದ ನಡೀರಿ ಅವ್ವಾ” ಎಂದ. ನೀಲವ್ವ ಅಲುಗಲಿಲ್ಲ. ಅವನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದ.

“ಎಲಿ ಹಾಕ್ರಿ ಮೊದಲ” ಎಂದಳು ನೀಲವ್ವ. ಅಷ್ಟು ಜನ ಗಂಡಸರ ಮುಂದೆ ಅವಳು ಬಾಯಿ ತೆಗೆದದ್ದು ಆ ಪ್ರಕಟಣೆಯ ದಿನ ಬಿಟ್ಟರೆ ಅದೇ ಮೊದಲು. “ಅಕ್ಕ ಬ್ಯಾಡ ಅನ್ನಬೇಕು. ಅಂದ ಮ್ಯಾಲೆ ನಾ ಮುಂದ ಹೊಕ್ಕೀನಿ. ಎಂಟು ವರ್ಷಾತು, ಅಕಿ ನನ್ನ ಜೋಡಿ ಅದೊಂದ ಮಾತು ಆಡ್ತಾಳ. ಅದನ್ನೂ ಕಸ್ಕೊಂಡ್ರ ನಮ್ಮಿಬ್ಬರಿಗೂ ಏನುಳೀತೈತ್ರೀ?”

ರೆಬೆಕ್ಕವ್ವ ತಲೆ ಎತ್ತಿದಳು. ಎಂಟು ವರ್ಷದಲ್ಲಿ ಅವಳು ನೀಲವ್ವನ ಮುಖ ನೋಡಿದ್ದು ಅದೇ ಮೊದಲು. ನೋಡಿ, ಮತ್ತೆ ತಲೆ ತಗ್ಗಿಸಿದಳು.

ಉಪದೇಶಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವನಿಗೆ ಹಿಂದೆ ಆಗಿರಲಿಲ್ಲ. ನಿನ್ನೆ ಮಗ್ಗದ ಮುಂದೆ ಕೇಳಿಸದೆ ಹೋದ ಮಾತು ಅವನಿಗೆ ಈಗ ಕೇಳಿಸಿತು. ತಾನೇ ಹೋಗಿ ಒಂದು ಎಲೆ ತಂದ. ಮೊಣಕಾಲೂರಿ ಅದನ್ನು ರೆಬೆಕ್ಕವ್ವನ ಮುಂದೆ ಹಾಸಿ, ನೀರು ಚಿಮುಕಿಸಿ, ಒರೆಸಿ, ರೊಟ್ಟಿ ಇಟ್ಟು ಪಕ್ಕಕ್ಕೆ ಸರಿದ. ನೀಲವ್ವ ಬಗ್ಗಿ ಸೌಟು ಮುಂದೆ ಮಾಡಿದಳು. ರೆಬೆಕ್ಕವ್ವ ಎಲೆಯ ಮೇಲೆ ಕೈ ಅಡ್ಡ ಇಟ್ಟಳು.

“ಬ್ಯಾಡ” ಎಂದಳು.

“ಆತು ಅಕ್ಕ” ಎಂದು ನೀಲವ್ವ ಮುಂದಿನ ಎಲೆಗೆ ಹೋದಳು. ಪಂಕ್ತಿ ಉಂಡಿತು. ಆಮೇಲೆ ಆ ಸಭೆಯಲ್ಲಿ ಯಾರ ಮುಂದೆಯೂ ಎಲೆ ತಪ್ಪಿಸಿದ್ದಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಮತ್ತೆ ಮೂರು ವರ್ಷ ರೊಟ್ಟಿ, ಉಳ್ಳಾಗಡ್ಡಿ, ಅಡ್ಡಗೈ. ಇವತ್ತು ಸೋಲುತ್ತಾಳೆ, ನಾಳೆ ಸೋಲುತ್ತಾಳೆ ಎಂದು ಜನ ಕಾದದ್ದೇ ಬಂತು. ಮಳೆಗಾಲದಲ್ಲಿ ಊರಿಗೆ ಜ್ವರ ಬಂತು. ನೀಲವ್ವ ಮಲಗಿದಳು. ರೆಬೆಕ್ಕವ್ವ ಅವಳ ಬಾಗಿಲ ತನಕ ಹೋದಳು. ಹೊಸ್ತಿಲು ದಾಟದೆ, ಒಳಗಿನ ಕೆಮ್ಮು ಕೇಳಿಸಿಕೊಂಡು ತಿರುಗಿ ಬಂದಳು. ಎರಡು ದಿನ ಬಿಟ್ಟು ಮತ್ತೆ ಹೋದಳು, ಮತ್ತೆ ಹಾಗೆಯೇ ಬಂದಳು. ಮೂರನೆಯ ಸಲ ಹೋದವಳು ಹೊಸ್ತಿಲು ದಾಟಿದಳು. ಅಷ್ಟು ಹೊತ್ತಿಗೆ ಒಳಗೆ ಹೆಂಗಸರು ನೀಲವ್ವನ ಮೈ ತೊಳೆದು ಕೊನೆಯ ಸೀರೆ ಉಡಿಸುತ್ತಿದ್ದರು.

ಸುಕುಮಾರನ ಮುಖ ಸಪ್ಪಗಾಯಿತು. ಅಯ್ಯನವರು ಅವನ ಕಡೆ ನೋಡದೆ ಹೇಳುತ್ತ ಹೋದರು.

ಗುರುವಾರ ಮಣ್ಣು ಮಾಡಿದರು. ರವಿವಾರ ಬಂತು. ಸಾವಾದ ಮನೆಯಲ್ಲಿ ವಾರದ ತನಕ ಒಲೆ ಹಚ್ಚುವುದಿಲ್ಲ. ಆ ಮನೆಯ ಪಾಲಿನ ಸಾರನ್ನು ಹತ್ತಿರದ ನೆಂಟರು ಮಾಡಿ ತರಬೇಕು, ಆ ಊರಿನ ರೂಢಿ ಅದು. ರೆಬೆಕ್ಕವ್ವ ಸೊಂಟದ ಮೇಲೆ ಒಂದು, ಕೈಯಲ್ಲಿ ಒಂದು, ಎರಡು ಬೋಗುಣಿ ಹೊತ್ತು ಬಂದಳು. ತನ್ನದನ್ನು ಸುರಿದಳು. ನೀಲವ್ವನ ಮನೆಯದನ್ನೂ ಸುರಿದಳು. ಒಳಗೆ ಹೋಗಿ ಕೂತಳು.

ಆ ವಾರ ಬಡಿಸುವ ಸರದಿ ನೀಲವ್ವನ ಮನೆಗೇ ಬಿದ್ದಿತ್ತು. ಅವಳ ಗಂಡ ಹೊದ್ದು ಮಲಗಿದವನು ಎದ್ದಿರಲಿಲ್ಲ. ಸೌಟು ಹಿಡಿಯಲು ಯಾರೂ ಮುಂದೆ ಬಾರದ್ದನ್ನು ಕಂಡು ಉಪದೇಶಿಯೇ ಹಿಡಿದ. ಒಂದೊಂದೇ ಎಲೆಗೆ ಬಡಿಸುತ್ತ ರೆಬೆಕ್ಕವ್ವನ ಮುಂದೆ ಬಂದು ನಿಂತ. ಕೈ ಅಡ್ಡ ಬರಲೆಂದು ಕಾದ. ಬರಲಿಲ್ಲ. ಅವಳ ಎರಡೂ ಕೈ ಮಡಿಲಲ್ಲಿದ್ದವು.

“ಅವ್ವಾ, ಹಾಕ್ಲ್ಯಾ?” ಎಂದು ಮೆಲ್ಲಗೆ ಕೇಳಿದ.

“ಹಾಕ್ರಿ” ಎಂದಳು ರೆಬೆಕ್ಕವ್ವ. “ಬ್ಯಾಡ ಅನ್ನೂಣಂದ್ರ ಈಗ ಯಾರಿಗನ್ಲಿ?”

ಅವನು ಹಾಕಿದ. ಅವಳು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಬಾಯಿಗಿಟ್ಟಳು. ಹನ್ನೊಂದು ವರ್ಷದ ಮೇಲಿನ ಮೊದಲ ತುತ್ತು. ಅದು ಒಳಗಿಳಿಯಲಿಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅತ್ತಳು. ಎಲ್ಲರ ಮುಂದೆ, ಮಕ್ಕಳು ಅಳುವ ಹಾಗೆ, ಸೆರಗನ್ನೂ ಮುಚ್ಚಿಕೊಳ್ಳದೆ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಪಕ್ಕದವಳು ನೀರಿನ ಚರಿಗೆ ಹತ್ತಿರ ಸರಿಸಿದಳು. ಅತ್ತು ಮುಗಿದ ಮೇಲೆ ರೆಬೆಕ್ಕವ್ವ ಎಲೆಯಲ್ಲಿ ಏನೂ ಬಿಡದೆ ಉಂಡಳು.

ಜನ ಬಾಯಿಗೊಂದು ಮಾತಾಡಿದರು. ನೀಲವ್ವನ ಕೈಯದು ಈಗ ಕೊಪ್ಪರಿಗೆಯಲ್ಲಿಲ್ಲವಲ್ಲ, ಅದಕ್ಕೇ ಉಂಡಳು, ಕೊನೆಗೂ ತನ್ನ ಹಠವನ್ನೇ ಸಾಧಿಸಿದಳು ಎಂದರು ಕೆಲವರು. ಅವಳ ಮನಸ್ಸು ಎಂದೋ ಕರಗಿತ್ತು, ಕೈ ತೆಗೆಯಲು ಮಾನ ಬಿಡಲಿಲ್ಲ ಎಂದರು ಇನ್ನು ಕೆಲವರು. ಆಮೇಲೆ ಅವಳು ಬದುಕಿದ್ದಷ್ಟು ವರ್ಷವೂ ಪ್ರತಿ ರವಿವಾರ ಸಾರು ಹಾಕಿಸಿಕೊಂಡಳು. ಈ ವಿಷಯವಾಗಿ ಮಾತ್ರ ಅವಳು ಯಾರೊಡನೆಯೂ ಒಂದು ಮಾತು ಆಡಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಆ ಊರಿನಲ್ಲಿ ಈಗ ಮಗ್ಗಗಳಿಲ್ಲ, ಜನ ಚದುರಿಹೋಗಿದ್ದಾರೆ, ಆ ಸಾರು ಮಾಡುವವರೂ ಇಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು.

ಸುಕುಮಾರನಿಗೆ ಮಾತ್ರ ಒಂದು ತಿಳಿಯಲೇಬೇಕಿತ್ತು. ನಾಳೆ ತಾನು ಏನು ಮಾಡಬೇಕು ಎಂಬುದು ಆ ಒಂದರ ಮೇಲೆಯೇ ನಿಂತಿದೆ ಎಂದು ಅವನಿಗೆ ಅನ್ನಿಸಿತ್ತು.

“ಹಾಗಾದರೆ ಆ ದಿನ ಉಣ್ಣುವಾಗ ರೆಬೆಕ್ಕವ್ವ ನೀಲವ್ವನನ್ನು ಕ್ಷಮಿಸಿದ್ದಳೋ ಇಲ್ಲವೋ, ಅಯ್ಯನವರೇ?”

“ನಾನು ಅದನ್ನು ಕೇಳಲಿಲ್ಲ ತಮ್ಮಾ, ಬಡಿಸಿದೆ.”